ಚಾಕು, ಭಟ್ಟಿ, ಕಂಪ್ಯೂಟರ್: ಮಹಡಿ ಮೇಲಿನ ಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ನಮ್ಮ ಮನೆಯ ಮಹಡಿ ಮೇಲೆ ಒಂದು ತಗಡಿನ ಶೆಡ್ಡು ಇದೆ. ಅದರ ಒಂದು ಬದಿಗೆ ಸುತ್ತಿಗೆ, ಇಕ್ಕಳ, ಅರ, ಸಾಣೆ; ಇನ್ನೊಂದು ಬದಿಗೆ ಬೆಸುಗೆ ಹಾಕುವ ಸಾಮಾನು, ಹಳೆಯ ಲ್ಯಾಪ್‌ಟಾಪುಗಳು, ಬಿಡಿಸಲಾಗದ ತಂತಿಗಳ ಗಂಟು. ಮೇಲೆ ಹತ್ತಿ ಬಂದವರು ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು.

ನೀವು ಕಮ್ಮಾರರೋ, ಎಂಜಿನಿಯರೋ?

ಎರಡೂ ಅಲ್ಲ. ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಸುಗ್ಗಿಯ ದಿನಗಳಲ್ಲಿ ಈ ಶೆಡ್ಡಿನ ಬೀಗ ತೆಗೆಯುವುದೇ ಇಲ್ಲ.

ಚಾಕಿಗೂ ಕಂಪ್ಯೂಟರಿಗೂ ಏನು ನಂಟು?

ಉಷ್ಣತೆ. ಉಕ್ಕು ಚಾಕಾಗುವುದೂ ಕೆಡುವುದೂ ಕೆಲವೇ ಡಿಗ್ರಿಗಳ ನಡುವೆ. ಆ ಡಿಗ್ರಿಗಳನ್ನು ಕಾಯಲು ನನಗೊಂದು ಪುಟ್ಟ ಕಂಪ್ಯೂಟರ್ ಬೇಕಾಯಿತು. ಅಲ್ಲಿಂದ ಎರಡೂ ಹುಚ್ಚು ಒಂದೇ ಮೇಜಿಗೆ ಬಂದವು. ಚಾಕು ಕೈಗೆ ತೆಗೆದುಕೊಂಡವರು ಹಿಡಿಯ ಹೊಳಪು ನೋಡುತ್ತಾರೆ, ಕಂಪ್ಯೂಟರ್ ಕೊಳ್ಳುವವರು ಪರದೆ ನೋಡುತ್ತಾರೆ. ದುಡಿಯುವುದು ಎರಡರಲ್ಲೂ ಕಣ್ಣಿಗೆ ಬೀಳದ ಭಾಗ: ಅಲ್ಲಿ ಹದ, ಅಂದರೆ ಉಕ್ಕನ್ನು ಕಾಯಿಸಿ ಎಣ್ಣೆಯಲ್ಲಿ ತಣಿಸಿ ಗಟ್ಟಿ ಮಾಡುವುದು, ಇಲ್ಲಿ ಪವರ್ ಸಪ್ಲೈ ಮತ್ತು ಅರ್ಥಿಂಗ್. ನನ್ನ ದುಡ್ಡು ಹೋಗುವುದು ಅಲ್ಲಿಗೆ. ಹಾಗಾಗಿ ನನ್ನ ಸಾಮಾನು ನೋಡಲು ಚೆಂದವಿಲ್ಲ ಎಂದು ಮನೆಯವರು ಹೇಳಿದರೆ ನಾನು ವಾದಿಸುವುದಿಲ್ಲ.

ಯಾವ ಉಕ್ಕು ಬಳಸುತ್ತೀರಿ? ಗುಜರಿ ಅಂಗಡಿಯಲ್ಲಿ ಹೇಗೆ ಗುರುತಿಸುವುದು?

ಇಂಗಾಲ ಶೇ. 0.5ಕ್ಕಿಂತ ಹೆಚ್ಚಿರಬೇಕು. ಕಿಟಕಿ ಸರಳು, ಆಂಗಲ್, ಪಟ್ಟಿ ಕಬ್ಬಿಣಗಳಲ್ಲಿ ಅದು ಸುಮಾರು 0.2 ಮಾತ್ರ, ಎಷ್ಟು ಕಾಯಿಸಿ ಎಣ್ಣೆಗೆ ಇಳಿಸಿದರೂ ಅವು ಗಟ್ಟಿಯಾಗುವುದಿಲ್ಲ. ಗುಜರಿಯಲ್ಲಿ ಸುಲಭವಾಗಿ ಸಿಗುವ ಒಳ್ಳೆಯ ಉಕ್ಕು ಗಾಡಿಗಳ ಕಮಾನುಪಟ್ಟಿಯದು. ಅದರಲ್ಲಿ ಇಂಗಾಲ ಶೇ. 0.6ರ ಆಸುಪಾಸು, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂ. ಲಾರಿಯ ಪಟ್ಟಿ ದಪ್ಪ, ಅದನ್ನು ಬಡಿದು ತೆಳುವಾಗಿಸುವಷ್ಟರಲ್ಲಿ ರಟ್ಟೆ ಬೀಳುತ್ತದೆ; ಜೀಪು, ಟಂಟಂಗಳ ಪಟ್ಟಿ ಹುಡುಕಿ. ಅಡುಗೆಮನೆಯ ತೆಳು ಚಾಕಿಗೆ ಮರ ಕೊಯ್ಯುವ ಮಿಲ್ಲಿನ ಹಳೆಯ ಗರಗಸದ ಪಟ್ಟಿ ಇನ್ನೂ ಒಳ್ಳೆಯದು, ಬಡಿಯುವ ಕೆಲಸವೇ ಇಲ್ಲ. ಹೊಸ ಉಕ್ಕೇ ಬೇಕೆಂದರೆ ಬೇರಿಂಗ್ ಮಾಡುವ ಇಎನ್31 ಕೇಳಿ. ಅದರಲ್ಲಿ ಇಂಗಾಲ ಶೇ. 1, ಕ್ರೋಮಿಯಂ ಸುಮಾರು 1.5.

ಗುರುತಿಸಲು ಎರಡು ಪರೀಕ್ಷೆಗಳು. ಮೊದಲನೆಯದು ಕಿಡಿ. ಗ್ರೈಂಡರಿಗೆ ತಾಗಿಸಿದಾಗ ಮೆದು ಕಬ್ಬಿಣದ ಕಿಡಿ ಉದ್ದನೆಯ ಗೆರೆಯಾಗಿ ಹಾರಿ ಹಾಗೇ ನಂದುತ್ತದೆ. ಇಂಗಾಲ ಹೆಚ್ಚಿದ್ದರೆ ಗೆರೆಯ ತುದಿಯಲ್ಲಿ ಕಿಡಿ ಒಡೆದು ಕವಲಾಗುತ್ತದೆ. ಎರಡನೆಯದು ಹೆಚ್ಚು ನಂಬಿಕೆಯದು: ಬೆರಳಗಲದ ತುಂಡನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಗಿರಾಯಿಯಲ್ಲಿ (ವೈಸ್) ಹಿಡಿದು ಸುತ್ತಿಗೆಯಿಂದ ಹೊಡೆಯಿರಿ. ಬಾಗಿದರೆ ಬಿಸಾಡಿ. ಗಾಜಿನಂತೆ ಪಟ್ಟನೆ ಮುರಿದರೆ, ಮುರಿದ ಮುಖದ ಕಾಳು ನಯವಾಗಿ ಬೂದಿ ಬಣ್ಣಕ್ಕಿದ್ದರೆ, ಚೌಕಾಸಿ ಮಾಡದೆ ಉಳಿದದ್ದನ್ನೂ ಕೊಂಡುಬನ್ನಿ. ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಚೂರು ಎತ್ತ ಹಾರುತ್ತದೆಂದು ಹೇಳಲಾಗದು.

ವಾಡಿ ಕಡೆಯಿಂದ ರೈಲು ಹಳಿಯ ತುಂಡು ತಂದುಕೊಡಲೇ?

ಬೇಡ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ಮೇಲೆ 1966ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ಹಳಿಯ ತುಂಡು ಕಬ್ಬಿಣ ಬಡಿಯಲು ಒಳ್ಳೆಯ ಅಡಿಗಲ್ಲಾಗುತ್ತದೆ ಎಂಬುದು ನಿಜವೇ, ಆದರೆ ರಸೀದಿ ಇಲ್ಲದ ಹಳಿ ನನ್ನ ಮೆಟ್ಟಿಲು ಹತ್ತುವುದಿಲ್ಲ.

ಹಳ್ಳಿಯ ಕಮ್ಮಾರ ಬಣ್ಣ ನೋಡಿಯೇ ಹದ ಹಾಕುತ್ತಾನೆ. ನಿಮಗೇಕೆ ಯಂತ್ರ?

ಅವನ ಕಣ್ಣು ನನಗಿಲ್ಲದ್ದರಿಂದ. ಮುಂಗಾರಿಗೆ ಮುಂಚೆ ಕುಳ ಬಡಿಸಲು, ಕುಡುಗೋಲಿಗೆ ಹಲ್ಲು ಹಾಕಿಸಲು ರೈತರು ಸಾಲುಗಟ್ಟುವ ಕುಲುಮೆಗಳಲ್ಲಿ ಕೂತು ನೋಡಿ. ಕುಲುಮೆ ಯಾವಾಗಲೂ ನೆರಳಿನಲ್ಲೇ ಇರುತ್ತದೆ. ಅದು ಬಿಸಿಲಿನಿಂದ ತಪ್ಪಿಸಿಕೊಳ್ಳಲು ಮಾತ್ರವಲ್ಲ. ನಮ್ಮ ಬಿಸಿಲಿನಲ್ಲಿ 850 ಡಿಗ್ರಿಯ ಕಬ್ಬಿಣವೂ ಮಂಕಾಗಿ ಕಾಣುತ್ತದೆ, ಅದೇ ಕಬ್ಬಿಣ ಕತ್ತಲಲ್ಲಿ ಧಗಧಗಿಸುತ್ತದೆ. ಬೆಳಕು ಬದಲಾದರೆ ಬಣ್ಣದ ಲೆಕ್ಕವೂ ತಪ್ಪುತ್ತದೆ. ಹುಟ್ಟಿದಾಗಿನಿಂದ ಅದೇ ನೆರಳಿನಲ್ಲಿ ಅದೇ ಬೆಂಕಿ ನೋಡಿದ ಕಮ್ಮಾರ ಕಾಕಾನಿಗೆ ಅದು ಸಲೀಸು. ಭಾನುವಾರಕ್ಕೊಮ್ಮೆ ಭಟ್ಟಿ ಹಚ್ಚುವ ಲೆಕ್ಕಿಗನಿಗೆ ಅಲ್ಲ.

ಯಂತ್ರವಿಲ್ಲದೆ ಮಾಡುವವರಿಗೆ ಒಂದು ಅಯಸ್ಕಾಂತ ಸಾಕು. ಸುಮಾರು 770 ಡಿಗ್ರಿ ದಾಟಿದಾಗ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಅಲ್ಲಿಂದ ಬಣ್ಣ ಒಂದು ಛಾಯೆ ಏರಲು ಬಿಟ್ಟು ಎಣ್ಣೆಗೆ ಇಳಿಸಿದರೆ ಕಮಾನುಪಟ್ಟಿಗೆ ಹದ ಸಿಕ್ಕೇ ಸಿಗುತ್ತದೆ.

ಕರೆಂಟಿನ ಭಟ್ಟಿಯನ್ನು ಹೇಗೆ ಕಟ್ಟಿದಿರಿ?

ಗೋಡೆಗೆ ಶಾಖ ತಡೆಯುವ ಹಗುರ ಇಟ್ಟಿಗೆ. ಇದು ಮಾಮೂಲಿ ಫೈರ್‌ಬ್ರಿಕ್ ಅಲ್ಲ. ಅದು ಭಾರ, ಶಾಖವನ್ನೆಲ್ಲ ತಾನೇ ಕುಡಿಯುತ್ತದೆ. ಹಗುರ ಇಟ್ಟಿಗೆಯನ್ನು ಉಗುರಿನಿಂದ ಗೀರಿದರೂ ಗೀರು ಬೀಳುತ್ತದೆ, ಹಳೆಯ ಗರಗಸದಿಂದ ಕೊಯ್ದು ತಂತಿ ಕೂರಿಸುವ ಕಾಲುವೆ ತೆಗೆಯಬಹುದು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಹಾಕಿಕೊಂಡೇ ಕೊಯ್ಯಿರಿ.

ತಂತಿ ಕಾಂತಾಲ್, ಹೀಟರುಗಳಲ್ಲಿ ಬಳಸುವ ಮಿಶ್ರಲೋಹ. ಲೆಕ್ಕ ಇಷ್ಟೇ: 230 ವೋಲ್ಟಿನಲ್ಲಿ 2 ಕಿಲೋವಾಟ್ ಬೇಕೆಂದರೆ ಸುಮಾರು 8.7 ಆಂಪಿಯರ್ ಹರಿಯಬೇಕು, ಅಂದರೆ ತಂತಿಯ ರೋಧ 26.5 ಓಮ್. 1.2 ಮಿ.ಮೀ. ದಪ್ಪದ ತಂತಿಗೆ ಮೀಟರಿಗೆ ಸುಮಾರು 1.28 ಓಮ್, ಹಾಗಾದರೆ 20ರಿಂದ 21 ಮೀಟರ್ ಬೇಕು. ತೆಳು ತಂತಿ ಅಗ್ಗ, ಕಡಿಮೆ ಉದ್ದ ಸಾಕು, ಆದರೆ ಬೇಗ ಸುಟ್ಟುಹೋಗುತ್ತದೆ. ಸುರುಳಿ ಸುತ್ತಿ ಎಳೆದು ಕೂರಿಸುವ ಕೆಲಸವೆಲ್ಲ ಮೊದಲ ಬಾರಿ ಕಾಯಿಸುವುದಕ್ಕೆ ಮುಂಚೆಯೇ ಮುಗಿಯಬೇಕು. ಒಮ್ಮೆ ಕೆಂಪಗೆ ಕಾದ ಕಾಂತಾಲ್ ಪೆಡಸಾಗುತ್ತದೆ. ಆಮೇಲೆ ಬಗ್ಗಿಸಲು ಹೋದರೆ ಹಪ್ಪಳ.

ಇದನ್ನು ಫ್ಯಾನು, ಲೈಟಿನ ಸಾಕೆಟ್ಟಿಗೆ ಚುಚ್ಚಬೇಡಿ. 16 ಆಂಪಿಯರಿನ ಸಾಕೆಟ್ಟು, ಅದಕ್ಕೆ ಬೇರೆಯೇ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್ಚು), ಕೆಲಸ ಮಾಡುವ ಅರ್ಥ್ ಇರಲಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ ಬಿರುಕು ಬಿಟ್ಟಿರುತ್ತದೆ, ಅದಕ್ಕೆ ನೀರು ಹೊಯ್ಯುವುದನ್ನು ಮರೆಯಬೇಡಿ.

ಭಟ್ಟಿಯ ತಳಕ್ಕೆ ಪರಸಿ ಹಾಸುಗಲ್ಲು ಹಾಕಬಹುದೇ? ನಮ್ಮಲ್ಲಿ ಬೇಕಾದಷ್ಟು ಸಿಗುತ್ತದಲ್ಲ.

ಶಹಾಬಾದ್ ಪರಸಿ ಸುಣ್ಣದ ಕಲ್ಲು. ಸೇಡಂ, ವಾಡಿ, ಶಹಾಬಾದ್ ಸುತ್ತ ಸಿಮೆಂಟ್ ಕಾರ್ಖಾನೆಗಳು ಎದ್ದಿರುವುದೇ ಆ ಕಲ್ಲನ್ನು ನಂಬಿ. ಅದನ್ನು 800 ಡಿಗ್ರಿಯ ಮೇಲೆ ಗಂಟೆಗಟ್ಟಲೆ ಕಾಯಿಸಿದರೆ ಸಿಮೆಂಟ್ ಗೂಡಿನಲ್ಲಿ ಆಗುವುದೇ ನಿಮ್ಮ ಭಟ್ಟಿಯಲ್ಲೂ ಆಗುತ್ತದೆ: ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಕಲ್ಲು ಸುಟ್ಟ ಸುಣ್ಣವಾಗಿ ಪುಡಿಯಾಗುತ್ತದೆ. ಅದಕ್ಕೂ ಮೊದಲೇ ಪದರಗಳ ನಡುವಿನ ತೇವ ಆವಿಯಾಗಿ ಕಲ್ಲು ಸಿಡಿಯಲೂಬಹುದು. ಭಟ್ಟಿಯನ್ನು ಹೊತ್ತಿರುವ ಮೇಜಿಗೆ ಪರಸಿ ಹಾಕಿ, ಬಹಳ ಒಳ್ಳೆಯದು. ಒಳಗೆ ಬೇಡ.

ಉಷ್ಣತೆ ಕಾಯುವ ಕಂಟ್ರೋಲರ್ ಹೇಗೆ ಕೆಲಸ ಮಾಡುತ್ತದೆ?

ಭಟ್ಟಿಯೊಳಗೆ ಕೆ ಟೈಪ್ ಥರ್ಮೋಕಪಲ್, ಉಷ್ಣತೆ ಅಳೆಯುವ ಜೋಡಿ ತಂತಿ. ಅದರ ಎರಡು ಲೋಹಗಳ ನಡುವೆ ಹುಟ್ಟುವ ಮಿಲಿವೋಲ್ಟನ್ನು ಮ್ಯಾಕ್ಸ್6675 ಎಂಬ ಚಿಪ್ಪು ಕಾಲು ಡಿಗ್ರಿ ಹೆಜ್ಜೆಯಲ್ಲಿ ಅಂಕಿಯಾಗಿಸುತ್ತದೆ. ಅದರ ಮಿತಿ ಸುಮಾರು 1,024 ಡಿಗ್ರಿ, ಕಮಾನುಪಟ್ಟಿಗೆ ಧಾರಾಳ. ಆ ಅಂಕಿಯನ್ನು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಓದಿ, ಬೇಕಾದದ್ದಕ್ಕೂ ಇರುವುದಕ್ಕೂ ಎಷ್ಟು ಅಂತರ, ಅಂತರ ಎಷ್ಟು ಹೊತ್ತಿನಿಂದ ಉಳಿದಿದೆ, ಎಷ್ಟು ವೇಗದಲ್ಲಿ ಮುಚ್ಚುತ್ತಿದೆ ಎಂದು ಮೂರು ಬಗೆಯಲ್ಲಿ ತೂಗುತ್ತದೆ. ಪಿಐಡಿ ಎನ್ನುವುದು ಇದನ್ನೇ. ಆ ತೂಕಕ್ಕೆ ತಕ್ಕಂತೆ ಸಾಲಿಡ್ ಸ್ಟೇಟ್ ರಿಲೇ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ತಂತಿಗೆ ಕರೆಂಟು ಬಿಡುತ್ತದೆ, ತಡೆಯುತ್ತದೆ. ಇದರ ಪ್ರೋಗ್ರಾಂ ಯಾರು ಬೇಕಾದರೂ ಒಂದು ಸಂಜೆಯಲ್ಲಿ ಬರೆಯಬಹುದು. ಕಷ್ಟ ಇರುವುದು ಅದು ಕೆಟ್ಟಾಗ ಏನಾಗಬೇಕು ಎಂಬುದರಲ್ಲಿ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಥರ್ಮೋಕಪಲ್ಲಿನ ಎರಡು ತಂತಿಗಳನ್ನು ಅದಲುಬದಲಾಗಿ ಜೋಡಿಸಿದರೆ ಭಟ್ಟಿ ಕಾದಷ್ಟೂ ಅಂಕಿ ಇಳಿಯುತ್ತದೆ. ಕಂಟ್ರೋಲರ್ ‘ಇನ್ನೂ ತಣ್ಣಗಿದೆ’ ಎಂದು ಮತ್ತಷ್ಟು ಕರೆಂಟು ಬಿಡುತ್ತದೆ. ಬಣ್ಣ ನೋಡಿ ಜೋಡಿಸುತ್ತೇನೆ ಎನ್ನಬೇಡಿ: ಅಮೆರಿಕದ ಪದ್ಧತಿಯಲ್ಲಿ ಕೆಂಪು ತಂತಿ ಋಣ, ಹಳದಿ ಧನ, ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹಸಿರು ಧನ, ಬಿಳಿ ಋಣ. ಪೇಟೆಯಲ್ಲಿ ಎರಡೂ ಸಿಗುತ್ತವೆ. ಅಯಸ್ಕಾಂತ ಹಿಡಿಯಿರಿ, ಯಾವ ತಂತಿ ಅಂಟುತ್ತದೋ ಅದು ಋಣ.

ರಿಲೇ ಕೆಟ್ಟರೆ ಬಹುಪಾಲು ‘ಆನ್’ ಸ್ಥಿತಿಯಲ್ಲೇ ಕೆಡುತ್ತದೆ. ಪ್ರೋಗ್ರಾಂ ಎಷ್ಟು ‘ನಿಲ್ಲು’ ಎಂದರೂ ಅದಕ್ಕೆ ಕಿವಿ ಇರುವುದಿಲ್ಲ. ಹಾಗಾಗಿ ಅದರ ಹಿಂದೆ ಒಂದು ಮಾಮೂಲಿ ಕಾಂಟ್ಯಾಕ್ಟರ್, ಅಂದರೆ ವಿದ್ಯುತ್ಕಾಂತದಿಂದ ನಡೆಯುವ ದೊಡ್ಡ ಸ್ವಿಚ್ಚು, ಇರಬೇಕು. ಮಿತಿ ಮೀರಿದ ಕೂಡಲೇ ಅದು ಇಡೀ ಭಟ್ಟಿಯ ಕರೆಂಟು ಕಡಿಯಬೇಕು. ರಿಲೇಗೆ ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ತುಂಡು) ಕಡ್ಡಾಯ. ಆಂಪಿಯರಿಗೆ ಒಂದು ವಾಟಿಗಿಂತ ಹೆಚ್ಚು ಶಾಖವನ್ನು ಅದು ತಾನೇ ಉಗುಳುತ್ತದೆ, ಮೇ ತಿಂಗಳಲ್ಲಿ ನಮ್ಮ ಶೆಡ್ಡಿನ ಗಾಳಿಯೇ ನಲವತ್ತು ದಾಟಿರುತ್ತದೆ. ಕಂಟ್ರೋಲರ್ ಡಬ್ಬಿಯನ್ನು ಭಟ್ಟಿಯ ಮೈಗೆ ಅಂಟಿಸಿ ಇಡುವವರನ್ನು ನೋಡಿದ್ದೇನೆ. ಚಿಪ್ಪು ತನ್ನ ಸ್ವಂತ ಉಷ್ಣತೆಯನ್ನು ಕೂಡಿಸಿಯೇ ಲೆಕ್ಕ ಹೇಳುವುದು. ಅದು ಬೆಂದರೆ ಲೆಕ್ಕವೂ ಬೇಯುತ್ತದೆ. ಡಬ್ಬಿ ಒಂದು ಮಾರು ದೂರವಿರಲಿ.

ಪ್ರೋಗ್ರಾಂನಲ್ಲಿ ಇರಲೇಬೇಕಾದ ಸಾಲು ಇನ್ನೊಂದು: ಪೂರ್ತಿ ಕರೆಂಟು ಬಿಟ್ಟು ಕೆಲವು ನಿಮಿಷಗಳಾದರೂ ಅಂಕಿ ಏರದಿದ್ದರೆ ಎಲ್ಲವನ್ನೂ ಆರಿಸು. ಅದಲ್ಲದೆ ಬಾಗಿಲಿಗೊಂದು ಸ್ವಿಚ್ಚು ಬೇಕು. ಬಾಗಿಲು ತೆಗೆದಾಗ ತಂತಿಯ ಕರೆಂಟು ಕಡಿಯದಿದ್ದರೆ, ಕಬ್ಬಿಣದ ಇಕ್ಕಳ ಆ ಸುರುಳಿಗೆ ತಾಗಿದ ಕ್ಷಣ 230 ವೋಲ್ಟ್ ನಿಮ್ಮ ಕೈಯಲ್ಲಿ.

ಅದು ತೋರಿಸುವ ಅಂಕಿ ಸರಿಯೆಂದು ಹೇಗೆ ನಂಬುವುದು?

ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 98.5ರ ಆಸುಪಾಸಿನಲ್ಲಿ. ನೂರು ತೋರಿಸಲಿಲ್ಲವೆಂದು ಚಿಪ್ಪನ್ನು ಬೈಯಬೇಡಿ. ಮೇಲಿನ ತುದಿಗೆ ಅದೇ ಅಯಸ್ಕಾಂತ: ಉಕ್ಕು ಅಂಟದಾದಾಗ ಪರದೆಯಲ್ಲಿ 770ರ ಹತ್ತಿರ ಇರಬೇಕು.

ಕಂಟ್ರೋಲರಿನ ಪರದೆಯ ಮೇಲೆ ಕನ್ನಡ ಹೇಗೆ ಬಂತು?

ಎರಡು ಸಾಲಿನ ಅಗ್ಗದ ಎಲ್‌ಸಿಡಿ ಪರದೆಯಲ್ಲಿ ನಾವೇ ಬರೆದುಕೊಳ್ಳಬಹುದಾದ ಅಕ್ಷರಗಳು ಎಂಟೇ, ಒಂದೊಂದಕ್ಕೂ ಐದು ಅಡ್ಡ, ಎಂಟು ಉದ್ದದ ಚುಕ್ಕಿಗಳು. ಅಷ್ಟು ಜಾಗದಲ್ಲಿ ‘ಉಷ್ಣತೆ’ಯ ಷಕಾರಕ್ಕೆ ಣಕಾರದ ಒತ್ತು ಕೂರಿಸಿ ತೋರಿಸಿ ನೋಡೋಣ! ಯೂನಿಕೋಡಿನಲ್ಲಿ ಆ ಒತ್ತಕ್ಷರ ಒಂದು ಅಕ್ಷರವಲ್ಲ. ಷ, ವಿರಾಮ, ಣ ಎಂದು ಮೂರು ಸಂಕೇತ. ಅವನ್ನು ಸೇರಿಸಿ ಸರಿಯಾದ ಆಕಾರ ಮಾಡುವ ಕೆಲಸ ಮೊಬೈಲು, ಲ್ಯಾಪ್‌ಟಾಪುಗಳಲ್ಲಿ ತೆರೆಮರೆಯಲ್ಲಿ ನಡೆದಿರುತ್ತದೆ. ಪುಟ್ಟ ಚಿಪ್ಪಿನಲ್ಲಿ ಅದನ್ನು ಮಾಡಿಸಲು ಹೊರಡುವುದು ವ್ಯರ್ಥ ಹಟ.

ನನ್ನ ದಾರಿ ಇದು. ಬೇಕಾದ ಪದಗಳು ಹೆಚ್ಚಿಲ್ಲ: ಉಷ್ಣತೆ, ಏರುತ್ತಿದೆ, ನಿಂತಿದೆ, ಬಾಗಿಲು ತೆರೆದಿದೆ, ಕೆಟ್ಟಿದೆ. ಅವನ್ನು ಲ್ಯಾಪ್‌ಟಾಪಿನಲ್ಲಿ ಕನ್ನಡ ಅಚ್ಚಿನಿಂದ ಕಪ್ಪುಬಿಳುಪು ಚಿತ್ರಗಳಾಗಿ ಮಾಡಿ ಚಿಪ್ಪಿನೊಳಗೆ ಇಟ್ಟುಬಿಟ್ಟೆ. ಅಡ್ಡಕ್ಕೆ 128, ಉದ್ದಕ್ಕೆ 64 ಚುಕ್ಕಿಗಳ ಓಎಲ್‌ಇಡಿ ಪರದೆಯ ಇಡೀ ಚಿತ್ರವೊಂದಕ್ಕೆ 1,024 ಬೈಟ್ ಸಾಕು. ಚಿಪ್ಪಿನಲ್ಲಿ 4 ಎಂಬಿ ಜಾಗವಿದೆ. ಅಂಕಿಗಳಿಗೆ ಮಾತ್ರ ಹತ್ತು ಬಿಡಿ ಚಿತ್ರಗಳು. ಭಟ್ಟಿಯ ಮೇಲೆ ‘ಬಾಗಿಲು ತೆರೆದಿದೆ’ ಎಂದು ಕಂಡರೆ ನಮ್ಮ ತಾಯಿಯೂ ಕೆಳಗಿನಿಂದ ಕೂಗಿ ಹೇಳುತ್ತಾರೆ.

ಎಣ್ಣೆ ಯಾವುದು? ನೀರೇಕೆ ಬೇಡ?

ನೀರು ತುಂಬ ಬೇಗ ತಣಿಸುತ್ತದೆ, ಕಮಾನುಪಟ್ಟಿ ಸೀಳಿಬಿಡುತ್ತದೆ. ಅಡುಗೆಗೆ ಬಳಸುವ ಶೇಂಗಾ ಎಣ್ಣೆ ಸಾಕು. ಅದನ್ನು 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಸರಾಗವಾಗಿ ಹರಿದು ಶಾಖವನ್ನು ಬೇಗ ಒಯ್ಯುತ್ತದೆ. ಕಮಾನುಪಟ್ಟಿಯನ್ನು ನಾನು 840–850 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಮೊನೆ ಮುಂದಾಗಿ ನೇರ ಕೆಳಗೆ ಇಳಿಸುತ್ತೇನೆ. ಪಕ್ಕಕ್ಕೆ ಆಡಿಸಿದರೆ ಅಲಗು ಸೊಟ್ಟಗಾಗುತ್ತದೆ. ಗಾಡಿಯಿಂದ ತೆಗೆದ ಹಳೆಯ ಎಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆಂದು ಬಳಸಬೇಡಿ, ಅದರ ಹೊಗೆ ವಿಷ. ಡಬ್ಬಿ ಲೋಹದ್ದಿರಲಿ, ಮುಚ್ಚಳ ಕೈಗೆಟುಕುವಂತಿರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಬೇಕು, ನೀರು ಹೊಯ್ಯಬಾರದು.

ಎಣ್ಣೆಯಿಂದ ತೆಗೆದ ಮೇಲೆ ಚಾಕು ಸಿದ್ಧವೇ?

ಇಲ್ಲ. ಆಗ ಅದು ಅರ ಜಾರುವಷ್ಟು ಗಟ್ಟಿ, ಕೆಳಗೆ ಬಿದ್ದರೆ ಎರಡು ತುಂಡು. ತಡಮಾಡದೆ 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ತಣಿಸಿ, ಮತ್ತೆ ಎರಡು ಗಂಟೆ. ಮೇಲ್ಮೈ ಉಜ್ಜಿ ಇಟ್ಟಿದ್ದರೆ ಒಣ ಹುಲ್ಲಿನ ತಿಳಿ ಹಳದಿ ಬಣ್ಣ ಬರುತ್ತದೆ. ನೀಲಿ ಬಂದರೆ ಸುಮಾರು 300 ಮುಟ್ಟಿತೆಂದು ತಿಳಿಯಿರಿ, ಅದು ಚಾಕಿನ ಬಾಯಿಗೆ ಮೆದು. ಅಡುಗೆಮನೆಯ ಓವನ್ನಿನ ಗುಂಡಿಯಲ್ಲಿ ಬರೆದ ಅಂಕಿಯನ್ನು ನಂಬದೆ ಒಳಗೊಂದು ಥರ್ಮೋಕಪಲ್ ಇಡಿ.

ಹಿಡಿಗೆ ಬಿದ್ರಿ ಕೆಲಸ ಮಾಡಿಸಬಹುದೇ?

ಬೀದರಿನಿಂದ ಬಂದವರೆಲ್ಲ ಕೇಳುವ ಪ್ರಶ್ನೆ. ಹಿಡಿಯ ತುದಿಗೆ ಟೊಪ್ಪಿಗೆಯಾಗಿ ಕೂರಿಸಬಹುದು, ಅಲಗಿಗೆ ಅಲ್ಲ. ಬಿದ್ರಿ ಎಂದರೆ ಮುಖ್ಯವಾಗಿ ಸತು, ಸ್ವಲ್ಪ ತಾಮ್ರ. ಸತುವಿಗೆ ಧಾರೆ ನಿಲ್ಲುವುದಿಲ್ಲ, 420 ಡಿಗ್ರಿಗೇ ಕರಗುತ್ತದೆ. ಹಾಗಾಗಿ ಹದದ ಕೆಲಸವೆಲ್ಲ ಮುಗಿದ ಮೇಲೆಯೇ ಅದನ್ನು ಕೂರಿಸಬೇಕು. ಕೋಟೆಯ ಮಣ್ಣು, ನವಸಾಗರ ಕಲಸಿದ ದ್ರಾವಣ ಸತುವನ್ನಷ್ಟೇ ಕಪ್ಪಾಗಿಸಿ ಬೆಳ್ಳಿಯ ಎಳೆಯನ್ನು ಮುಟ್ಟದೆ ಬಿಡುವುದು ಆ ಕಲೆಯ ಜೀವಾಳ. ಅದಕ್ಕೆ ನಾನು ಕೈ ಹಾಕುವುದಿಲ್ಲ, ಬೀದರಿನ ಕುಶಲಕರ್ಮಿಗಳಿಂದಲೇ ಕೊಳ್ಳುತ್ತೇನೆ.

ಸತುವಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ: ಇದ್ದಿಲ ಕುಲುಮೆಗೆ ಗಾಳಿ ಊದಲು ಜಿಐ ಪೈಪು ಬಳಸಬೇಡಿ. ಅದರ ಸತುವಿನ ಲೇಪ ಆವಿಯಾಗಿ ಮೂಗಿಗೆ ಹೋದರೆ ರಾತ್ರಿ ಚಳಿಜ್ವರ ಗ್ಯಾರಂಟಿ.

ಹಿಡಿಯ ಮರಕ್ಕೆ ಕರಿಜಾಲಿ ಸಾಕು. ಗಟ್ಟಿ, ಅಗ್ಗ, ನಮ್ಮ ಬದುಗಳಲ್ಲೇ ಬೆಳೆಯುತ್ತದೆ. ಒಂದು ವರ್ಷವಾದರೂ ಒಣಗಿರಲಿ. ಹಿತ್ತಾಳೆಯ ಮೊಳೆ, ಎಪಾಕ್ಸಿ ಅಂಟು.

ಡಮಾಸ್ಕಸ್ ಚಾಕು ಮಾಡುತ್ತೀರಾ?

ಇಲ್ಲ. ಈಗ ಆ ಹೆಸರಲ್ಲಿ ಮಾರುವುದು ಬಹುತೇಕ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದದ್ದು. ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿಸಿ ಮಾಡುತ್ತಿದ್ದ ಹಳೆಯ ಉಕ್ಕೇ ಬೇರೆ. ಅಗ್ಗದ ಕೆಲವು ಚಾಕುಗಳ ಮೇಲೆ ಆ ಅಲೆಗಳನ್ನು ಬರೀ ಲೇಸರಿನಿಂದ ಕೊರೆದಿರುತ್ತಾರೆ. ಮೇಲೆ ತಳುಕು, ಒಳಗೆ ಹುಳುಕು.

ತಲವಾರು, ಜಂಬಿಯಾ ಮಾಡಿಕೊಡುತ್ತೀರಾ?

ಇಲ್ಲ, ಎಷ್ಟು ಕೊಟ್ಟರೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧಗಳ ಪಟ್ಟಿಯಲ್ಲಿ ಇಡುತ್ತವೆ. ಮನೆಗೆಲಸ, ಬೇಸಾಯ, ಕೈಗಾರಿಕೆಗೆಂದು ಮಾಡಿದವು ಅದರಿಂದ ಹೊರಗೆ. ನಾನು ಮಾಡುವುದು ಅಡುಗೆಮನೆಯ ಚಾಕು, ಖುರ್ಪಿ, ಸಣ್ಣ ಕುಡುಗೋಲು. ಮದುವೆ ಮೆರವಣಿಗೆಗೆ ಎಂದು ಕೇಳುವವರಿಗೂ ಉತ್ತರ ಅದೇ.

ನಿಮ್ಮ ಚಾಕು ಕಪ್ಪಾಯಿತು, ತುಕ್ಕು ಹಿಡಿಯಿತು.

ಕಪ್ಪಾದರೆ ಚಿಂತೆಯಿಲ್ಲ, ಈರುಳ್ಳಿ, ಹುಣಸೆ, ನಿಂಬೆ ತಾಗಿ ಹಾಗಾಗುತ್ತದೆ. ಆ ಕಪ್ಪು ಪದರವೇ ತುಕ್ಕನ್ನು ಸ್ವಲ್ಪ ತಡೆಯುತ್ತದೆ. ಕೆಂಪಾದರೆ ತಪ್ಪು ನಿಮ್ಮದು. ತೊಳೆದ ಕೂಡಲೇ ಒರೆಸಿ, ಒಂದು ಹನಿ ಎಣ್ಣೆ ಸವರಿ. ಸ್ಟೀಲ್ ತಟ್ಟೆಯ ಮೇಲೆ, ಅಡುಗೆ ಕಟ್ಟೆಯ ಪರಸಿಯ ಮೇಲೆ ಹೆಚ್ಚಬೇಡಿ. ಯಾವ ಹದವೂ ಅದನ್ನು ತಾಳುವುದಿಲ್ಲ.

ಹೊಲದಲ್ಲಿ ಇಟ್ಟಿರುವ ಆ ಡಬ್ಬಿ ಏನು?

ಆಳಂದ ರಸ್ತೆಯ ಕಡೆ ನಮ್ಮ ಮಾವನವರ ತೊಗರಿ ಹೊಲದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ಹೂತಿದ್ದೇನೆ. ಎರಡು ಮೊಳೆಯಂತೆ ಕಾಣುವ ಅಗ್ಗದ ಸೆನ್ಸರ್ ಕೊಳ್ಳಬೇಡಿ. ಕರೆಂಟು ಹರಿದು ಮೊಳೆಯೇ ಸವೆಯುತ್ತದೆ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಬಗೆಯದು ಬಾಳುತ್ತದೆ. ನಮ್ಮ ಎರೆಭೂಮಿಯ ತೊಂದರೆ ಬೇರೆ: ಒಣಗಿದಾಗ ಮಣ್ಣು ಬಾಯಿಬಿಡುತ್ತದೆ, ಬಿರುಕು ಸೆನ್ಸರಿನ ಪಕ್ಕಕ್ಕೇ ಬಂದರೆ ಅದು ಅಳೆಯುವುದು ಗಾಳಿಯನ್ನು. ಅಂಕಿ ಒಮ್ಮೆಲೇ ಪಾತಾಳಕ್ಕಿಳಿದರೆ ಹೊಲಕ್ಕೆ ಹೋಗಿ ಕಣ್ಣಾರೆ ನೋಡುವುದೇ ಸರಿ. ಒಂದೇ ಆಳದ ಬದಲು ಒಂದು ಗೇಣು, ಎರಡು ಗೇಣು ಆಳಕ್ಕೆ ಒಂದೊಂದು ಹೂತರೆ ಸುಳ್ಳು ಬೇಗ ಗೊತ್ತಾಗುತ್ತದೆ.

ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಲೋರಾ ರೇಡಿಯೊ, ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಅಂಕಿ ಕಳಿಸುವಂಥದ್ದು. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಬಳಸಲು 865ರಿಂದ 868 ಮೆಗಾಹರ್ಟ್ಸ್ ಇದೆ. ಯುರೋಪಿಗೆಂದು 868 ಎಂದು ಅಚ್ಚು ಹಾಕಿದ ಮಾಡ್ಯೂಲ್ ಸಿಕ್ಕರೂ ಆಗುತ್ತದೆ, ಪ್ರೋಗ್ರಾಂನಲ್ಲಿ 866ಕ್ಕೆ ಇಳಿಸಿಕೊಳ್ಳಿ.

ಹಳೆಯ ಲ್ಯಾಪ್‌ಟಾಪಿನಿಂದ ಏನು ಮಾಡಬಹುದು?

ಪರದೆ ಒಡೆದದ್ದಾದರೂ ಸರಿ, ಡೆಬಿಯನ್ ಎಂಬ ಉಚಿತ ಲಿನಕ್ಸ್ ಹಾಕಿ ಮನೆಯ ಸರ್ವರ್ ಮಾಡಿ. ನನ್ನದರಲ್ಲಿ ಭಟ್ಟಿಯ ದಾಖಲೆ, ಹೊಲದ ಅಂಕಿಗಳು, ಮನೆಯ ಫೋಟೋಗಳು ಇವೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗಿಂತ ನನಗಿದೇ ಮೆಚ್ಚು. ಕರೆಂಟು ಹೋದಾಗ ಬ್ಯಾಟರಿಯೇ ಯುಪಿಎಸ್ ಆಗುತ್ತದೆ. ಬರೆಯುತ್ತಿರುವಾಗಲೇ ಕರೆಂಟು ಹೋಗಿ ಮೆಮೊರಿ ಕಾರ್ಡು ಸಾಯುವ ತಾಪತ್ರಯವೂ ಇಲ್ಲ. ಆದರೆ ಬ್ಯಾಟರಿಯನ್ನು ಸದಾ ಪೂರ್ತಿ ತುಂಬಿಸಿ ಇಡಬೇಡಿ, ಸೆಟ್ಟಿಂಗಿನಲ್ಲಿ ಅವಕಾಶವಿದ್ದರೆ 60–80ಕ್ಕೆ ನಿಲ್ಲಿಸಿ. ನಮ್ಮ ಸೆಖೆಗೆ ತುಂಬಿದ ಬ್ಯಾಟರಿ ಉಬ್ಬುತ್ತದೆ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಅದೇ ದಿನ ಬ್ಯಾಟರಿ ಹೊರಗೆ.

ಎಲ್ಲಿಂದ ಶುರು ಮಾಡಬೇಕು?

ಚಾಕು ಮಾಡುವ ಮೊದಲು ಮನೆಯಲ್ಲಿರುವ ಚಾಕಿಗೆ ಧಾರೆ ಕೊಡಲು ಕಲಿಯಿರಿ. ಸಾವಿರ ಗ್ರಿಟ್ಟಿನ ಒಂದು ನೀರುಕಲ್ಲು ಸಾಕು. 4 ಸೆಂ.ಮೀ. ಅಗಲದ ಅಲಗಿನ ಬೆನ್ನನ್ನು ಕಲ್ಲಿನಿಂದ 1 ಸೆಂ.ಮೀ. ಎತ್ತಿ ಹಿಡಿದರೆ ಹೆಚ್ಚು ಕಡಿಮೆ 15 ಡಿಗ್ರಿ. ಅದೇ ಓರೆಯಲ್ಲಿ ಒಂದೇ ಬದಿಯನ್ನು ಉಜ್ಜುತ್ತಾ ಹೋಗಿ. ಎದುರು ಬದಿಯ ಅಂಚಿನ ಉದ್ದಕ್ಕೂ ಹೆಬ್ಬೆರಳಿಗೆ ಕೂದಲೆಳೆಯಷ್ಟು ದೊರಗು ಸಿಗುವವರೆಗೆ ತಿರುಗಿಸಬೇಡಿ. ಹಾಗೇ ಇನ್ನೊಂದು ಬದಿ. ಕೊನೆಗೆ ಹಗುರವಾಗಿ ಅತ್ತಿತ್ತ ಎಳೆದು ಆ ಎಳೆಯನ್ನು ತೆಗೆಯಿರಿ. ಹಣ್ಣಾದ ಟೊಮೆಟೊ ಮೇಲೆ ಒತ್ತದೆ ಇಟ್ಟು ಎಳೆದಾಗ ಸಿಪ್ಪೆ ಕೊಯ್ಯಬೇಕು. ಜಾರಿದರೆ ಮತ್ತೆ ಕಲ್ಲಿಗೆ.

ಕಂಪ್ಯೂಟರ್ ಕಡೆಯಿಂದ ಬರುವವರು ಭಟ್ಟಿಯ ತಂತಿಗೆ ಕೈ ಹಾಕುವ ಮೊದಲು ಥರ್ಮೋಕಪಲ್, ಚಿಪ್ಪು, ಪರದೆ ಇಷ್ಟನ್ನೇ ಮೊಬೈಲಿನ ಚಾರ್ಜರಿಗೆ ಜೋಡಿಸಿ ಚಹಾದ ಪಾತ್ರೆಯ ಉಷ್ಣತೆ ಓದಿಸಿ. 230 ವೋಲ್ಟಿನ ಕೆಲಸಕ್ಕೆ ಬಂದಾಗ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.